ಇಗರ್ಜಿಯ ಉತ್ತರದ ಗೋಡೆ

ಹೋದ ವಾರ ಮುಂಬಯಿಯ ಸಾಂತಾಕ್ರೂಜಿನಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸಿಗೆ ಸುಣ್ಣ ಬಳಿಯಲು ಇಬ್ಬರು ಬಂದಿದ್ದರು. ಬೇಸಿಗೆಯಲ್ಲಿ ಮೇಲಿನ ಮನೆಗಳು ಕಾಯದಿರಲೆಂದು ಪ್ರತಿ ವರ್ಷ ಬಳಿಸುತ್ತಾರೆ. ಒಣಹಾಕಿದ ಬಟ್ಟೆ ತರಲು ಮೇಲೆ ಹೋದರೆ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ನೀರು ಕುಡಿದು ಬುಸುಗುಟ್ಟುತ್ತಿತ್ತು. ಆ ಬಿಸಿ ವಾಸನೆ ಮೂಗಿಗೆ ಬಂದದ್ದೇ, ನಾನು ಬಟ್ಟೆ ಮರೆತು ನೀರಿನ ಟಾಂಕಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಂದಿವಲಿಯ ಒಂದು ಪುಟ್ಟ ಇಗರ್ಜಿ ನೆನಪಾಯಿತು, ಅಲ್ಲಿ ನಾನು ಕಳೆದ ಒಂದು ಮಳೆಗಾಲ ನೆನಪಾಯಿತು. ಹೆಮ್ಮೆಯಿಂದ ಹೇಳಿಕೊಳ್ಳುವ ನೆನಪಲ್ಲ. ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಾನು ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವವಳು. ಹಳೆಯ ಕಟ್ಟಡಗಳು ಎಷ್ಟು ಗಟ್ಟಿ ಇವೆ, ಉಳಿಯುತ್ತವೆಯೋ ಕೆಡವಬೇಕೋ ಎಂದು ವರದಿ ಕೊಡುವ ಸಣ್ಣ ಆಫೀಸೊಂದರಲ್ಲಿ ಕೆಲಸ. ಆ ವರ್ಷ ನನಗೆ ಐವತ್ತೆರಡು. ಮನೆಯಲ್ಲಿ ನಾನು ಮತ್ತು ಅಣ್ಣ ಸಂಜೀವ, ಇಬ್ಬರೇ. ಇಬ್ಬರಿಗೂ ಮದುವೆ ಆಗಿರಲಿಲ್ಲ. ಪರೇಲಿನಲ್ಲಿ ಮಿಲ್ಲುಗಳು ಓಡುತ್ತಿದ್ದಾಗ ಅಣ್ಣ ಅಲ್ಲಿ ಕ್ಯಾಂಟೀನಿನಲ್ಲಿದ್ದ. ಉಡುಪಿಯಿಂದ ನನ್ನನ್ನು ಕರೆತಂದು ಡ್ರಾಯಿಂಗು ಕಲಿಸಿದವನು ಅವನೇ. ಮಿಲ್ಲುಗಳು ಹೋದವು, ಕ್ಯಾಂಟೀನು ಹೋಯಿತು. ಆ ಮಳೆಗಾಲದಲ್ಲಿ ಅಣ್ಣ ಅದೇ ಪರೇಲಿನ ಒಂದು ಆಸ್ಪತ್ರೆಯ ಐದನೇ ಮಹಡಿಯಲ್ಲಿ ಮಲಗಿದ್ದ. ಹೊಟ್ಟೆಯ ಕಾಯಿಲೆ, ಒಳ್ಳೆಯ ಹೆಸರಿನದಲ್ಲ.

ದಿನಚರಿ ಹೀಗಿತ್ತು. ಬೆಳಿಗ್ಗೆ ಏಳಕ್ಕೆ ಸಾಂತಾಕ್ರೂಜಿನಿಂದ ಪರೇಲು, ಅವನಿಗೆ ಗಂಜಿ ಕುಡಿಸುವುದು. ಅಲ್ಲಿಂದ ಲೋಕಲ್ ಹಿಡಿದು ತಿರುಗಿ ಉತ್ತರಕ್ಕೆ, ಕೆಲಸಕ್ಕೆ. ಸಂಜೆ ಐದಕ್ಕೆ ಭೇಟಿಯ ಸಮಯ ಶುರುವಾಗುವಷ್ಟರಲ್ಲಿ ಮತ್ತೆ ಪರೇಲು. ಒದ್ದೆ ಛತ್ರಿ, ಒದ್ದೆ ಸೀರೆಯ ಅಂಚು, ಒದ್ದೆ ಚೀಲ. ಲೇಡೀಸ್ ಡಬ್ಬಿಯಲ್ಲಿ ನಿಂತೇ ಕಣ್ಣು ಮುಚ್ಚುತ್ತಿದ್ದೆ. ನಿದ್ದೆಯಲ್ಲೂ ಸ್ಟೇಷನ್ನುಗಳು ಎಣಿಕೆಗೆ ಸಿಗುತ್ತಿದ್ದವು.

ಆಗಲೇ ಆ ಇಗರ್ಜಿಯ ಕೆಲಸ ಬಂತು. ಕಾಂದಿವಲಿ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು, ಇಂಡಸ್ಟ್ರಿಯಲ್ ಎಸ್ಟೇಟು ದಾಟಿ, ಹೊಸ ಟವರುಗಳ ಗೇಟುಗಳನ್ನು ದಾಟಿದರೆ ರಸ್ತೆ ಇದ್ದಕ್ಕಿದ್ದಂತೆ ಸಪೂರವಾಗುತ್ತದೆ. ಅಲ್ಲಿಂದ ಒಳಗೆ ಹಳೆಯ ಹಳ್ಳಿ. ಮುಂಬಯಿ ಊರಾಗುವ ಮೊದಲಿನಿಂದ ಇಲ್ಲಿ ಭತ್ತ ಬೆಳೆದುಕೊಂಡಿದ್ದ ಕ್ರೈಸ್ತರ ಮನೆಗಳು, ಮೂಲೆಯಲ್ಲಿ ಗೊಂಡೆ ಹೂವಿನ ಮಾಲೆ ಹಾಕಿದ ಕಲ್ಲಿನ ಶಿಲುಬೆ, ಅದರ ಹಿಂದೆ ಇಗರ್ಜಿ. ಮುಂಭಾಗದಲ್ಲಿ ಎರಡು ಗಿಡ್ಡ ಗೋಪುರಗಳು, ಗಂಟೆ ಒಂದರಲ್ಲಿ ಮಾತ್ರ. ಒಳಗೆ ನೂರೈವತ್ತು ಜನ ಕೂರಬಹುದಾದಷ್ಟು ಜಾಗ. ಕಿಟಕಿಗಳಲ್ಲಿ ಗಾಜಿನ ಬದಲು ಸಮುದ್ರದ ಚಿಪ್ಪನ್ನು ತೆಳ್ಳಗೆ ಸೀಳಿ ಕೂರಿಸಿದ್ದರು. ಮಳೆಗಾಲದ ಮಬ್ಬು ಬೆಳಕು ಅವುಗಳಲ್ಲಿ ಹಾದು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಮಾಡಿಗೆ ನಮ್ಮ ಮಂಗಳೂರಿನ ಹೆಂಚು.

ಅಲ್ಲಿನ ಪಾದ್ರಿ ಮೂಡುಬಿದಿರೆ ಕಡೆಯವರು. ನನ್ನ ಮಾತಿನ ಧಾಟಿ ಕೇಳಿದ್ದೇ ಅವರ ಮುಖ ಅರಳಿತು.

"ಊರಿನವರಾ ನೀವು? ಒಳ್ಳೇದಾಯ್ತು. ಕನ್ನಡ ಆಡದೆ ಬಾಯಿ ತುಕ್ಕು ಹಿಡಿದಿತ್ತು ನನಗೆ" ಎಂದರು. ಆಮೇಲೆ ದನಿ ಇಳಿಸಿ, "ಸತ್ಯ ಹೇಳಬೇಕು ನೀವು. ಇದು ಉಳಿಯುತ್ತದಾ? ಒಬ್ಬ ಬಿಲ್ಡರ್ ಕಾದು ಕೂತಿದ್ದಾನೆ. ಉತ್ತರಕ್ಕೆ ಕಾಂಪೌಂಡಿನಾಚೆ ಇರುವ ನಮ್ಮ ಖಾಲಿ ಜಾಗ ಬಿಟ್ಟುಕೊಟ್ಟರೆ ಹೊಸ ಇಗರ್ಜಿ ಕಟ್ಟಿಕೊಡುತ್ತಾನಂತೆ, ಎಸಿ, ಪಾರ್ಕಿಂಗು ಎಲ್ಲ ಸೇರಿ. ಊರಿನವರು ಅರ್ಧ ಆಚೆ, ಅರ್ಧ ಈಚೆ. ಕಡೆಗೆ ನಿಮ್ಮ ವರದಿ ಎಂತ ಹೇಳುತ್ತದೋ ಅದೇ ಅಂತ ಒಪ್ಪಿದ್ದಾರೆ" ಎಂದರು.

ಇಗರ್ಜಿಯ ಬೀಗದ ಕೈ ಇದ್ದದ್ದು ರೋಜಾ ಮಾವ್ಶಿಯ ಸೊಂಟದಲ್ಲಿ. ಮಾವ್ಶಿ ಅಂದರೆ ಚಿಕ್ಕಮ್ಮ, ಊರಿಗೆಲ್ಲ ಅವರು ಅದೇ. ಎಪ್ಪತ್ತೆಂಟರ ಮುದುಕಿ, ಹಿಂದಿನ ಕಾಲದ ಹಾಗೆ ಚೌಕಳಿ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ನಲವತ್ತು ವರ್ಷದಿಂದ ಗುಡಿಸುವುದು, ಹೂ ಇಡುವುದು, ಗಂಟೆ ಹೊಡೆಯುವುದು ಎಲ್ಲ ಅವರೇ. ಅವರು ಆಡುವುದು ತಮ್ಮ ಹಳ್ಳಿಯ ಮರಾಠಿ. ಐವತ್ತೆರಡರ ನನ್ನನ್ನು "ಪೋರೀ" ಎಂದು, ಅಂದರೆ ಹುಡುಗೀ ಎಂದು, ಕರೆಯುತ್ತಿದ್ದರು.

"ಬಾಗಿಲ ಹತ್ತಿರ ಬೋರ್ಡು ಹಾಕಿದ್ದಾರಲ್ಲ, ಪೋರ್ಚುಗೀಸರು ಕಟ್ಟಿದ್ದು ಅಂತ? ಸುಳ್ಳು" ಎಂದರು ಮೊದಲ ದಿನವೇ. "ಪೀಠ ಇರುವ ಆ ಕಮಾನಿನ ಕೋಣೆ ಮಾತ್ರ ಅವರದು. ಉಳಿದದ್ದೆಲ್ಲ ಯುದ್ಧದಲ್ಲಿ ಬಿದ್ದುಹೋಗಿತ್ತು. ಎಷ್ಟೋ ಕಾಲ ತಾಳೆಗರಿಯ ಚಪ್ಪರದಲ್ಲಿ ಪೂಜೆ ನಡೀತಿತ್ತಂತೆ. ಆಮೇಲೆ ನಮ್ಮವರು ಸೇರಿ ಕಟ್ಟಿದರು. ನನ್ನ ಮುತ್ತಜ್ಜನ ಅಪ್ಪ ಇದ್ದ ಅದರಲ್ಲಿ. ಬಾವಿ ಕಟ್ಟುವವನು, ಗದ್ದೆಯ ಒಡ್ಡು ಕಟ್ಟುವವನು. ಇಗರ್ಜಿ ಕಟ್ಟಲು ಅವನಿಗೆ ಯಾರು ಕಲಿಸಿದ್ದರು? ಗೊತ್ತಿದ್ದ ಹಾಗೆ ಕಟ್ಟಿದ."

ಇಂಥ ಕಥೆಗಳನ್ನು ನಾನು ಎಲ್ಲ ಹಳೆಯ ಕಟ್ಟಡಗಳಲ್ಲೂ ಕೇಳಿದವಳು. ತಲೆಯಾಡಿಸಿದೆ, ಬರೆದುಕೊಳ್ಳಲಿಲ್ಲ.

ಅಳತೆಗೆ ಮೂರು ದಿನ ಹಿಡಿಯಿತು. ಮೊದಲ ದಿನ ನೆಲದ ನಕ್ಷೆ. ಎರಡನೇ ದಿನ ಮುಂಭಾಗ, ಪೀಠದ ಕಮಾನು, ಗಾಯಕರು ನಿಲ್ಲುವ ಮರದ ಅಟ್ಟ. ಕಮಾನಿನ ಕಲ್ಲುಗಳು ಎಷ್ಟು ನಾಜೂಕಾಗಿ ಕೂಡಿದ್ದವೆಂದರೆ ಬೆರಳಾಡಿಸಿದರೂ ಸಂದು ಸಿಗುತ್ತಿರಲಿಲ್ಲ. ಅದಕ್ಕೆ ತಾಗಿ ನಿಂತ ಉದ್ದನೆಯ ಗೋಡೆಗಳು ಒರಟು. ಗುಂಡು ಕರಿಗಲ್ಲು, ಚಿಪ್ಪು ಸುಟ್ಟ ಸುಣ್ಣ. ಮೂರನೇ ದಿನಕ್ಕೆ ಉಳಿದದ್ದು ಉತ್ತರದ ಗೋಡೆ. ಆ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಎರಡು ಬಿರುಕುಗಳಿದ್ದವು. ಎಲ್ಲರಿಗೂ ಹೆದರಿಕೆ ಇದ್ದದ್ದು ಅದರದೇ. ಭಾನುವಾರ ಮಕ್ಕಳ ತರಗತಿ ನಡೆಯುತ್ತಿದ್ದದ್ದು ಅದರ ಬುಡದ ಬೆಂಚುಗಳಲ್ಲಿ.

ಆ ಮೂರನೇ ದಿನದ್ದೇ ಹೇಳಬೇಕಾದ ವಿಷಯ. ಹಿಂದಿನ ರಾತ್ರಿ ಅಣ್ಣನಿಗೆ ಜ್ವರ ಏರಿ ಆಸ್ಪತ್ರೆಯಲ್ಲೇ ಉಳಿದಿದ್ದೆ. ಕಣ್ಣಲ್ಲಿ ಮರಳು ತುಂಬಿದಂತೆ ಇತ್ತು. ಗೋಡೆಯ ಒಳಮೈಗೆ ಏಣಿ ಹಾಕಿ, ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ಒಂಬತ್ತು ಕಡೆ ಅಳೆದೆ. ಬುಡಕ್ಕಿಂತ ತಲೆ ಐದೂವರೆ ಇಂಚು ಹೊರಕ್ಕೆ ಹೋಗಿತ್ತು. ಅಂಥ ಗೋಡೆಗೆ ಅದು ಬಹಳ. ಆಮೇಲೆ ಹೊರಮೈ ಅಳೆಯಬೇಕು, ಎರಡನ್ನೂ ಸೇರಿಸಿದರೇನೇ ಗೋಡೆಯ ನಿಜವಾದ ಆಕಾರ ತಿಳಿಯುವುದು. ಹೊರಗೆ ಹೋಗಿ ನೋಡಿದೆ. ಗೋಡೆಗೂ ಕಾಂಪೌಂಡಿಗೂ ನಡುವೆ ಕಿರಿದಾದ ಓಣಿ, ಮೊಣಕಾಲುದ್ದ ಕೊಳಚೆ ನೀರು, ಸೊಂಟದೆತ್ತರ ಕಳೆ. ಮಳೆ ಬಿಡದೆ ಹೊಡೆಯುತ್ತಿತ್ತು. ಮಾವ್ಶಿ ಬಾಗಿಲಲ್ಲಿ ನಿಂತು, "ಹಾವಿರುತ್ತದೆ, ನಾಳೆ ಮಾಡು ಪೋರೀ" ಎಂದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಟೇಪು ಸುತ್ತಿ ಹೊರಟುಬಿಟ್ಟೆ.

ನಾಳೆ ಎನ್ನುವುದು ಬರಲಿಲ್ಲ. ಮರುದಿನ ಆಫೀಸಿನಲ್ಲಿ ಸಾಹೇಬರು ನಕ್ಷೆ ಕೇಳಿದರು. ಕಿಟಕಿಯ ಬಳಿ ಗೋಡೆಯ ದಪ್ಪ ಅಳೆದಿದ್ದೆನಲ್ಲ, ಅದೇ ದಪ್ಪ ಮೇಲಿನವರೆಗೂ ಇದೆ ಎಂದು ಹಿಡಿದುಕೊಂಡು, ಹೊರಮೈಯ ಒಂಬತ್ತು ಅಂಕಿಗಳನ್ನು ಕುರ್ಚಿಯಲ್ಲಿ ಕೂತೇ ತುಂಬಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಅಳೆಯದ ಅಂಕಿಯನ್ನು ಬರೆದದ್ದು ಅದೇ ಮೊದಲು ಎಂದು ಹೇಳಬಲ್ಲೆ. ಯಾರು ನಂಬುತ್ತಾರೋ ತಿಳಿಯದು.

ಸಾಹೇಬರು ನನ್ನ ಅಂಕಿಗಳನ್ನು ನಂಬಿ ವರದಿ ಬರೆದರು. ಗೋಡೆ ಹೊರಕ್ಕೆ ವಾಲಿದೆ, ಮಾಡಿನ ಭಾರ ಅದನ್ನು ತಳ್ಳುತ್ತಿದೆ, ಕಟ್ಟಡ ಅಪಾಯದ್ದು, ಕೆಡವುವುದೇ ಲೇಸು.

ಆಗಸ್ಟಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಊರಿನವರು ಅದೇ ಬೆಂಚುಗಳಲ್ಲಿ ಉಳಿದು ಕೂತರು. ಪ್ರಶ್ನೆ ಕೇಳಿದರೆ ಉತ್ತರ ಹೇಳಲೆಂದು ಸಾಹೇಬರು ನನ್ನನ್ನು ಕಳಿಸಿದ್ದರು. ಯಾರೂ ಏನೂ ಕೇಳಲಿಲ್ಲ. ಪಾದ್ರಿ ವರದಿ ಓದಿ, ಕೆಡವಲು ಒಪ್ಪುವವರು ಕೈ ಎತ್ತಿ ಎಂದರು. ಮೊದಲು ಮೇಲೆದ್ದ ಕೈ ರೋಜಾ ಮಾವ್ಶಿಯದು. ಅವರ ಹಿಂದೆ ಎಲ್ಲರೂ ಎತ್ತಿದರು. ಹೊರಗೆ ಬರುವಾಗ ಮಾವ್ಶಿ ನನ್ನ ಕೈ ಹಿಡಿದು, "ಮಕ್ಕಳು ಕೂರುತ್ತವಲ್ಲ ಅಲ್ಲಿ. ನೀನು ಅಳೆದು ಹೇಳಿದೆ. ಇಲ್ಲದಿದ್ದರೆ ನಮಗೆ ಹೇಗೆ ತಿಳಿಯುತ್ತಿತ್ತು?" ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ಕೈ ಬಿಡಿಸಿಕೊಂಡು ರಿಕ್ಷಾ ಹುಡುಕಿದೆ.

ಪರವಾನಗಿಗಳು ಬರುವ ತನಕ ಗೋಡೆ ಬೀಳದಂತೆ ಹೊರಗಿನಿಂದ ಆಸರೆ ಕೊಡಬೇಕಿತ್ತು. ಅದಕ್ಕೆ ಸಾಹೇಬರು ಮಲ್ಲಣ್ಣನನ್ನು ಕಳಿಸಿದರು. ಮಲ್ಲಣ್ಣ ಯಾದಗಿರಿ ಕಡೆಯ ಗೌಂಡಿ, ಕಲ್ಲಿನ ಕೆಲಸದಲ್ಲೇ ಕೂದಲು ಬೆಳ್ಳಗಾದವನು. ನಾಲ್ಕನೇ ದಿನ ಬೆಳಿಗ್ಗೆ ಫೋನು ಮಾಡಿದ.

"ಅಕ್ಕಾರ, ಒಂದ್ಸಲ ಬಂದು ಹೋಗ್ರಿ. ಸಾಹೇಬ್ರಿಗೆ ಇನ್ನಾ ಹೇಳಿಲ್ಲ ನಾ."

ಹೋದೆ. ಮಳೆ ಬಿಟ್ಟಿತ್ತು. ಅವನು ಕಳೆ ಕಿತ್ತು, ನೀರು ಹೊರಹಾಕಿ, ಓಣಿಯನ್ನು ಅಂಗಳದ ಹಾಗೆ ಮಾಡಿದ್ದ. ಗೋಡೆಯ ತಲೆಯಿಂದ ಗುಂಡು ಇಳಿಬಿಟ್ಟಿದ್ದ. ದಾರಕ್ಕೂ ಕಲ್ಲಿಗೂ ನಡುವಿನ ಸಂದು ಮೇಲೆ ಎಷ್ಟಿತ್ತೋ ಕೆಳಗೂ ಅಷ್ಟೇ ಇತ್ತು.

"ನೋಡ್ರಿ, ಗ್ವಾಡಿ ಎಲ್ಲೂ ವಾಲಿಲ್ಲ. ಹೊರಗ ನೂಲು ಹಿಡದಂಗ ನೆಟ್ಟಗದ" ಎಂದ. "ಇದು ಒಡ್ಡು ಕಟ್ಟವರು ಕಟ್ಟಿದ್ದು. ಬುಡಕ್ಕ ಅಗಲ, ಮ್ಯಾಲ ಹೋದಂಗ ಸಣ್ಣ. ಹೊರಗ ಇಳಿಜಾರ ಮಾಡಿದ್ರ ಮಳಿನೀರು ಕುಡಿತದ ಅಂತ ಇಳಿಜಾರೆಲ್ಲಾ ಒಳಗ ಮಾಡ್ಯಾರ. ಬಿರುಕು ಬಿದ್ದದ್ದು ಬ್ಯಾರೆ. ಮ್ಯಾಲ ಆಲದ ಗಿಡ ಹುಟ್ಟೇದ, ಅದರ ಬೇರಿಂದು." ಆಮೇಲೆ ನನ್ನ ಮುಖ ನೋಡದೆ, ಕೈಗೆ ಹತ್ತಿದ ಕೆಸರು ಉಜ್ಜಿಕೊಳ್ಳುತ್ತ, "ನಕ್ಷಾದಾಗ ಹೊರಗಿಂದು ಬ್ಯಾರೆನೇ ಬರದದ. ನೀವು ಇಲ್ಲಿ ಇಳದಿದ್ರೇನ್ರಿ?" ಎಂದು ಕೇಳಿದ.

"ಇಲ್ಲ ಮಲ್ಲಣ್ಣ. ಇಳಿದಿರಲಿಲ್ಲ."

ಅವನು ಗುಂಡನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ.

ಮಧ್ಯಾಹ್ನ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ನಕ್ಷೆ ನೋಡಿ, "ಹೆಚ್ಚಿನ ಪರೀಕ್ಷೆಯ ನಂತರ ತಿಳಿದುಬಂದಂತೆ, ಅಂತ ಇನ್ನೊಂದು ವರದಿ ಕಳಿಸೋಣ. ಅಳತೆಯ ವಿಷಯ ಎತ್ತುವುದು ಬೇಡ. ಆಫೀಸಿನಲ್ಲಿ ಇನ್ನೂ ಆರು ಜನ ಇದ್ದಾರೆ, ಅವರ ಅನ್ನದ ಮಾತು" ಎಂದರು. ಅದರಲ್ಲಿ ಹುರುಳಿರಲಿಲ್ಲ ಎನ್ನಲಾರೆ. ನನಗೂ ಅದೇ ಬೇಕಾಗಿತ್ತು. ಅಂಥ ಒಂದು ಸಾಲಿನ ಹಿಂದೆ ಅಡಗಿ ಕೂರುವಷ್ಟು ದಣಿದಿದ್ದೆ.

ಸಂಜೆ ಅಣ್ಣನ ಹಾಸಿಗೆಯ ಬದಿಯಲ್ಲಿ ಕೂತು ಹೇಳಿಕೊಂಡೆ. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಅವನು ಕಣ್ಣು ಮುಚ್ಚಿ ಕೇಳಿದ. ಅಷ್ಟು ಹೊತ್ತಿಗೆ ಅವನ ಕೈ ನನ್ನ ಕೈಗಿಂತ ಸಣ್ಣದಾಗಿತ್ತು.

"ಆ ಮುದುಕಿ ಕೈ ಎತ್ತಿದಳು ಅಂದೆಯಲ್ಲ" ಎಂದ. "ಅವಳಿಗೆ ಕಾಗದದಲ್ಲಿ ಹೇಳುವುದಾ?"

"ಹಾಗಾದರೆ ಏನು ಮಾಡಲಿ?"

"ಹೋಗಿ ಎದುರು ನಿಂತು ಹೇಳು ಮಾರಾಯ್ತಿ. ಮತ್ತೊಂದು. ಅಣ್ಣನಿಗೆ ಹುಷಾರಿರಲಿಲ್ಲ, ಆಸ್ಪತ್ರೆ, ಗೀಸ್ಪತ್ರೆ ಅಂತೆಲ್ಲ ಹೇಳಬೇಡ. ಅದು ನಿನ್ನ ಕೆಲಸ, ನಿನ್ನ ತಪ್ಪು. ನನ್ನನ್ನು ಅದರೊಳಗೆ ಎಳೆಯಬೇಡ."

ನನಗೆ ಸಿಟ್ಟು ಬಂತು. ಯಾರಿಗಾಗಿ ನಾನು ಇಷ್ಟು ಓಡಾಡುತ್ತಿದ್ದೆ? ಆ ಸಿಟ್ಟಿನಲ್ಲೇ ಎದ್ದು ಬಂದೆ. ಲೋಕಲಿನಲ್ಲಿ ಬಾಂದ್ರಾ ದಾಟುವಾಗ ಅಳು ಬಂತು. ಪಕ್ಕದ ಹೆಂಗಸು ಸರಿದು ಕೂರಲು ಜಾಗ ಕೊಟ್ಟಳು.

ಮುಂದಿನ ಭಾನುವಾರ ಸಾಹೇಬರಿಗೆ ಹೇಳಿಯೇ ಹೋದೆ. ಅವರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಪೂಜೆ ಮುಗಿದ ಮೇಲೆ ಪಾದ್ರಿ ಎಲ್ಲರನ್ನೂ ಕೂರಲು ಹೇಳಿದರು. ನಾನು ಮುಂದೆ ಹೋಗಿ, ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಗೋಡೆಯ ಹೊರಭಾಗವನ್ನು ನಾನು ಅಳೆಯಲಿಲ್ಲ. ಅಳೆದಂತೆ ಬರೆದೆ. ಗೋಡೆ ವಾಲಿಲ್ಲ, ಅದನ್ನು ಕಟ್ಟಿದ್ದೇ ಹಾಗೆ. ಬಿರುಕು ತುಂಬಿ, ಬೇರು ತೆಗೆದು, ಮಾಡು ಬಿಚ್ಚಿ ಕಟ್ಟಿದರೆ ಇಗರ್ಜಿ ನಿಲ್ಲುತ್ತದೆ. ತಪ್ಪು ಆಫೀಸಿನದಲ್ಲ, ನನ್ನೊಬ್ಬಳದು.

ಹಿಂದಿನ ಸಾಲಿನಿಂದ ಒಬ್ಬರು, "ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿದರು. ನಾಲಿಗೆಯ ತುದಿಗೆ ಪರೇಲು ಬಂದಿತ್ತು.

"ಮಳೆ ಇತ್ತು. ಇಳಿಯಲು ಮನಸ್ಸಾಗಲಿಲ್ಲ" ಎಂದೆ.

ಗದ್ದಲವೆದ್ದಿತು. ಈಗ ಹೇಳುತ್ತಿರುವುದು ನಿಜವೆಂದು ಹೇಗೆ ನಂಬುವುದು ಎಂದರು ಕೆಲವರು. ಅದು ಕೇಳಬೇಕಾದ ಪ್ರಶ್ನೆಯೇ. ಆಗ ಪಾದ್ರಿ ಮಲ್ಲಣ್ಣನನ್ನು ಕರೆದು, ಎಲ್ಲರನ್ನೂ ಹೊರಗಿನ ಓಣಿಗೆ ಕರೆದೊಯ್ದರು. ಮಲ್ಲಣ್ಣ ಮತ್ತೆ ಗುಂಡು ಇಳಿಬಿಟ್ಟ. ಜನ ಒಬ್ಬೊಬ್ಬರಾಗಿ ಬಂದು, ಬಗ್ಗಿ, ದಾರವನ್ನೂ ಕಲ್ಲನ್ನೂ ನೋಡಿ ಹೋದರು. ರೋಜಾ ಮಾವ್ಶಿ ಕೊನೆಗೆ ಬಂದರು. ದಾರ ನೋಡಲಿಲ್ಲ. ನನ್ನ ಮುಂದೆ ನಿಂತು ಬಲಗೈಯನ್ನು ನನ್ನ ಮುಖದ ಹತ್ತಿರ ತಂದರು. ಹೊಡೆಯುತ್ತಾರೆಂದುಕೊಂಡೆ.

"ಈ ಕೈ ಎತ್ತಿದೆ ನಾನು" ಎಂದರು. "ನನ್ನ ಮದುವೆ ಇಲ್ಲಿ, ನನ್ನ ಗಂಡನ ಪೆಟ್ಟಿಗೆ ಹೊರಟದ್ದು ಇಲ್ಲಿಂದ. ನಿನ್ನ ಮಾತು ಕೇಳಿ ಎಲ್ಲರಿಗಿಂತ ಮೊದಲು ಎತ್ತಿದೆ. ಮೂರು ವಾರ ಆ ಕೈಯಲ್ಲೇ ಗಂಟೆ ಹೊಡೆದಿದ್ದೇನೆ."

ಅವರು ಸೀರೆಯ ಸೆರಗು ಕೊಡವಿಕೊಂಡು ಒಳಗೆ ಹೋದರು.

ಎರಡನೇ ಸಲ ಕೈ ಎತ್ತಿಸಿದಾಗ ಇಗರ್ಜಿಯನ್ನು ಉಳಿಸಬೇಕೆಂದವರು ಸ್ವಲ್ಪವೇ ಹೆಚ್ಚಿದ್ದರು, ಅಷ್ಟೇ. ಹೊಸದು ಬೇಕೆಂದಿದ್ದವರಲ್ಲಿ ಕೆಲವರು ಪಕ್ಕದ ಪ್ಯಾರಿಶ್ಶಿನ ಇಗರ್ಜಿಗೆ ಹೋಗತೊಡಗಿದರೆಂದು ಆಮೇಲೆ ಕೇಳಿದೆ. ಸಾಹೇಬರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಲ್ಲಿಂದಾಚೆ ಯಾವ ಕಟ್ಟಡಕ್ಕೂ ಒಬ್ಬಳನ್ನೇ ಕಳಿಸಲಿಲ್ಲ. ಅದರಲ್ಲಿ ದೂರುವಂಥದ್ದೇನಿಲ್ಲ.

ಅಣ್ಣನಿಗೆ ವಿಷಯ ತಿಳಿಸಿದೆ. "ಹೇಳಲಿಲ್ಲ ತಾನೇ ನನ್ನದು?" ಎಂದು ಕೇಳಿದ. ಇಲ್ಲ ಎಂದೆ. ಸಮಾಧಾನವಾದವನಂತೆ ಮಗ್ಗುಲಾದ. ದೀಪಾವಳಿಗೆ ಎಂಟು ದಿನ ಇರುವಾಗ, ಒಂದು ಮಧ್ಯಾಹ್ನ, ಹೋಗಿಬಿಟ್ಟ. ಆ ಹೊತ್ತಿಗೆ ನಾನು ಅವನಿಗಾಗಿ ಎಳನೀರು ತರಲು ಕೆಳಗೆ ಹೋಗಿದ್ದೆ.

ಮಳೆ ಹೋದ ಮೇಲೆ ಇಗರ್ಜಿಯ ಕೆಲಸ ಶುರುವಾಯಿತು. ಅಂಗಳದಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿದರು. ಸಿಮೆಂಟು ಬೇಡ, ಹಳೆಯ ಗೋಡೆಗೆ ಅದು ಒಗ್ಗುವುದಿಲ್ಲ ಎಂದು ಮಲ್ಲಣ್ಣ ಹಟ ಹಿಡಿದಿದ್ದ. ಭಾನುವಾರಗಳು ನನಗೆ ಬಹಳ ಉದ್ದವಾಗಿದ್ದವು. ನಾನೂ ಹೋಗತೊಡಗಿದೆ. ಟೇಪಿನ ಇನ್ನೊಂದು ತುದಿ ಹಿಡಿಯುವುದು, ಇಳಿಸಿದ ಹೆಂಚುಗಳಲ್ಲಿ ಒಡೆದದ್ದನ್ನು ಬೇರ್ಪಡಿಸುವುದು, ಇಂಥದ್ದು. ಹೆಂಚಿನ ಕೆಳಗಿನ ಮರಗಳು ಬಹುಪಾಲು ಗಟ್ಟಿಯಾಗಿದ್ದವು, ಗೋಡೆಯ ಮೇಲೆ ಕೂತ ತುದಿಗಳು ಮಾತ್ರ ಕೊಳೆತಿದ್ದವು. ಬೇರು ಕಿತ್ತ ಜಾಗದಲ್ಲಿ ಕಲ್ಲಿನ ಒಳಗೆ ಎರಡು ಕೈ ಹಿಡಿಸುವಷ್ಟು ಪೊಟರೆಯಾಗಿತ್ತು. ಅದನ್ನು ತುಂಬಲಿಕ್ಕೇ ವಾರ ಹಿಡಿಯಿತು. ಪಾದ್ರಿ ಚಹಾ ಕೊಡುತ್ತಿದ್ದರು, ಊರಿನ ಸುದ್ದಿ ಕೇಳುತ್ತಿದ್ದರು. ಅಣ್ಣನ ಸಂಗತಿಯನ್ನು ಒಂದು ದಿನ ಅವರಿಗೆ ಹೇಳಿದೆ. ಮಾವ್ಶಿ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನು ಕೂತ ಜಾಗವನ್ನು ಬಿಟ್ಟು ಉಳಿದ ಕಡೆ ಗುಡಿಸಿಕೊಂಡು ಹೋಗುತ್ತಿದ್ದರು.

ಜೂನಿನ ಒಂದು ಶನಿವಾರ ಮಧ್ಯಾಹ್ನ ಪಾದ್ರಿಯ ಫೋನು ಬಂತು. "ಈ ಕಡೆ ಮೋಡ ಕಪ್ಪಾಗಿದೆ. ಬರುತ್ತೀರಾ? ಮಲ್ಲಣ್ಣನೂ ಬರುತ್ತಾನಂತೆ. ಮೊದಲ ಮಳೆಗೆ ಎಂತ ಆಗುತ್ತದೆ ನೋಡಬೇಕಲ್ಲ."

ನಾವು ನಾಲ್ಕೇ ಜನ ಇದ್ದೆವು. ಮಲ್ಲಣ್ಣ ಅಟ್ಟದ ಕೆಳಗೆ, ಪಾದ್ರಿ ಪೀಠದ ಬಳಿ, ನಾನು ಉತ್ತರದ ಗೋಡೆಯ ಬೆಂಚಿನಲ್ಲಿ, ಮಾವ್ಶಿ ಬಾಗಿಲ ಹತ್ತಿರ ಎರಡು ಬಕೆಟ್ಟುಗಳನ್ನು ಇಟ್ಟುಕೊಂಡು. ಗಾಳಿ ಬೀಸಿತು, ಚಿಪ್ಪಿನ ಕಿಟಕಿಗಳು ಕಪ್ಪಾದವು. ಆಮೇಲೆ ಹೆಂಚಿನ ಮೇಲೆ ಮಳೆ ಒಮ್ಮೆಲೇ ಸುರಿಯಿತು. ನಾಲ್ವರೂ ತಲೆ ಎತ್ತಿ ಮೇಲೆ ನೋಡುತ್ತ ಕೂತೆವು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಅಟ್ಟದ ಮೂಲೆಯಲ್ಲಿ ಟಪ್ ಎಂದು ಒಂದು ಹನಿ ಬಿತ್ತು.

"ಒಂದ ಹೆಂಚು ಸರದದ ಅಷ್ಟ. ನಾಳೆ ನೋಡ್ತೀನ್ರಿ" ಎಂದ ಮಲ್ಲಣ್ಣ, ನಾಚಿಕೊಂಡವನ ಹಾಗೆ.

ಮಾವ್ಶಿ ಎದ್ದು ಅಲ್ಲಿಗೆ ಒಂದು ಬಕೆಟ್ಟು ಇಟ್ಟರು. ತಿರುಗಿ ಬರುವಾಗ ನನ್ನ ಬೆಂಚಿನ ಬಳಿ ನಿಂತರು, ಆಮೇಲೆ ಕೂತರು. ಗೋಡೆಗೆ ಅಂಗೈ ಒತ್ತಿ ನೋಡಿದರು. ಒಣಗಿಯೇ ಇತ್ತು.

"ನಿನ್ನ ಅಣ್ಣನ ವಿಷಯ ಪಾದ್ರಿ ಹೇಳಿದರು" ಎಂದರು. "ಆ ಭಾನುವಾರ ಅಷ್ಟು ಜನ ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದಿದ್ದ ಮಾವ್ಶಿ."

ಅವರು ಗೋಡೆಯಿಂದ ಕೈ ತೆಗೆದರು. "ಹೆಸರು ಏನು ಅವನದು?"

"ಸಂಜೀವ."

"ಸಂಜೀವ" ಎಂದರು ಅವರು. ಇನ್ನೊಮ್ಮೆ, ನಿಧಾನವಾಗಿ, "ಸಂಜೀವ" ಎಂದರು.

ಗಡಿಯಾರ ನೋಡಿದೆ. ನಾಲ್ಕು ದಾಟಿತ್ತು. ಕೈ ತಾನಾಗಿಯೇ ಚೀಲ ಎತ್ತಿಕೊಂಡಿತು, ಕಾಲು ಎದ್ದು ನಿಂತಿತು. ಐದಕ್ಕೆ ಪರೇಲಿನಲ್ಲಿರಬೇಕು. ಎದ್ದು ನಿಂತ ಮೇಲೆ ತಿಳಿಯಿತು, ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು.

ಮಾವ್ಶಿ ನನ್ನ ಸೀರೆಯ ನೆರಿಗೆ ಹಿಡಿದು ಮೆಲ್ಲಗೆ ಎಳೆದರು.

"ಕೂತುಕೋ ಪೋರೀ. ಎಷ್ಟು ಮಳೆ ಇದೆ ನೋಡು."

ಕೂತೆ.